ಹಳೆಯ ಸುರಂಗವೊಂದರ ಇತಿಹಾಸವನ್ನು ಪತ್ತೆಹಚ್ಚುವುದು ಹೇಗೆ

ಕಟ್ಟಡದ ಇತಿಹಾಸವನ್ನು ಬರೆಯುವವರಿಗೆ ಇರುವ ಒಂದು ಅನುಕೂಲ ಸುರಂಗದ ಇತಿಹಾಸವನ್ನು ಬರೆಯುವವರಿಗೆ ಇರುವುದಿಲ್ಲ. ಕಟ್ಟಡವನ್ನು ಸೇರಿಸುತ್ತ ಸೇರಿಸುತ್ತ ಕಟ್ಟಲಾಗುತ್ತದೆ. ಅಡಿಪಾಯ, ಗೋಡೆ, ಆಮೇಲೆ ಬಂದವರು ಬಳಿದ ಗಾರೆ ಎಲ್ಲವೂ ಪದರಪದರವಾಗಿ ಉಳಿದಿರುತ್ತವೆ. ಸುರಂಗವನ್ನಾದರೋ ತೆಗೆಯುತ್ತ ತೆಗೆಯುತ್ತ ಮಾಡಲಾಗುತ್ತದೆ. ಎರಡನೆಯ ತಲೆಮಾರಿನವರು ಅದನ್ನು ಒಂದು ಗೇಣು ಅಗಲ ಮಾಡಿದರೆ ಸಾಕು, ಮೊದಲಿನವರ ಉಳಿಯ ಗುರುತೆಲ್ಲ ಕಲ್ಲಿನ ಚೂರಾಗಿ ಹೊರಗೆ ಹೋಗಿರುತ್ತದೆ. ಹೀಗೆ ಸಾಕ್ಷ್ಯ ಕಡಿಮೆಯಾದಷ್ಟೂ ಕಥೆಗಳು ಹೆಚ್ಚುತ್ತವೆ; ಸುರಂಗವೆಂದ ಕೂಡಲೇ ರಾಜರು, ರಹಸ್ಯದಾರಿಗಳು, ನಿಧಿಗಳು ಬಂದು ಸೇರಿಕೊಳ್ಳುವುದು ಈ ಕಾರಣಕ್ಕೇ.

ಹೆಚ್ಚಿನವರು ಮೊದಲು ಕಥೆಯನ್ನು ಕೇಳಿ, ಆಮೇಲೆ ಅದಕ್ಕೆ ಹೊಂದುವ ಪುರಾವೆಯನ್ನು ಸುರಂಗದಲ್ಲಿ ಹುಡುಕುತ್ತಾರೆ. ಈ ಕ್ರಮವನ್ನು ತಿರುಗಿಸಬೇಕೆಂಬುದೇ ಇಲ್ಲಿನ ಮುಖ್ಯ ಸಲಹೆ. ಮೊದಲು ಸುರಂಗದ ಆಕಾರವನ್ನೂ ಇಳಿಜಾರನ್ನೂ ನೋಡಬೇಕು, ಅನಂತರ ಗೋಡೆಯ ಗುರುತುಗಳನ್ನು ಓದಬೇಕು, ಅಗೆದ ಮಣ್ಣು ಎಲ್ಲಿ ಹೋಯಿತೆಂದು ಲೆಕ್ಕ ಹಾಕಬೇಕು, ಆಮೇಲೆ ಕಡತಗಳಿಗೆ ಹೋಗಬೇಕು. ಜನರ ಬಾಯಲ್ಲಿರುವ ಕಥೆಗಳನ್ನು ಕಟ್ಟಕಡೆಗೆ, ಆದರೆ ಗೌರವದಿಂದಲೇ, ಕೇಳಬೇಕು.

ಒಳಗೆ ಕಾಲಿಡುವ ಮೊದಲು

ಸುರಂಗದ ಒಡೆತನ ಯಾರದೆಂದು ತಿಳಿದು, ಅವರಿಂದಲೂ, ಅದು ಸಂರಕ್ಷಿತ ತಾಣವಾಗಿದ್ದರೆ ಪುರಾತತ್ವ ಇಲಾಖೆಯಿಂದಲೂ ಲಿಖಿತ ಅನುಮತಿ ಪಡೆಯಬೇಕು. ಒಬ್ಬರೇ ಹೋಗಬಾರದು, ಹೊರಗೆ ಒಬ್ಬರು ಕಾದಿರಬೇಕು, ಎಷ್ಟು ಹೊತ್ತಿಗೆ ಮರಳುವಿರೆಂದು ಅವರಿಗೆ ಗೊತ್ತಿರಬೇಕು, ಪ್ರತಿಯೊಬ್ಬರ ಬಳಿಯೂ ಕನಿಷ್ಠ ಎರಡು ಪ್ರತ್ಯೇಕ ಬೆಳಕುಗಳಿರಬೇಕು. ಕೆಟ್ಟ ಗಾಳಿಯನ್ನು ಕಂಡುಹಿಡಿಯಲು ಮೋಂಬತ್ತಿ ಹಚ್ಚಿಕೊಂಡು ಹೋಗುವ ಹಳೆಯ ಪದ್ಧತಿಯನ್ನು ನಂಬಬಾರದು. ಆಮ್ಲಜನಕ ಬಹಳ ಇಳಿದ ಮೇಲಷ್ಟೇ ದೀಪ ನಂದುತ್ತದೆ, ಕಾರ್ಬನ್ ಮಾನಾಕ್ಸೈಡ್ ಇದ್ದರೆ ಅದು ಏನನ್ನೂ ಹೇಳುವುದಿಲ್ಲ, ಮೀಥೇನ್ ಇದ್ದರೆ ಅದೇ ಅನಾಹುತಕ್ಕೆ ಕಾರಣವಾಗುತ್ತದೆ. ಸಾಮಾನ್ಯ ಗಾಳಿಯಲ್ಲಿ ಆಮ್ಲಜನಕ ಶೇಕಡಾ 20.9 ಇರುತ್ತದೆ, ಅನಿಲಮಾಪಕ 19.5ಕ್ಕಿಂತ ಕೆಳಗೆ ತೋರಿಸಿದರೆ ಹಿಂದಿರುಗಬೇಕು, ಅಲ್ಲಿ ಚರ್ಚೆಗೆ ಅವಕಾಶವಿಲ್ಲ.

ಯುದ್ಧಭೂಮಿಯ ಸುರಂಗಗಳ ವಿಷಯದಲ್ಲಿ ಇನ್ನೂ ಒಂದು ಎಚ್ಚರಿಕೆ ಬೇಕು. ಬೆಲ್ಜಿಯಂನ ಮೆಸಿನ್ ದಿಬ್ಬದ ಕೆಳಗೆ ಬ್ರಿಟಿಷ್ ಪಡೆಗಳು ಸುರಂಗ ತೋಡಿ ತುಂಬಿಸಿದ್ದ ಸಿಡಿಮದ್ದಿನಲ್ಲಿ 19 ಕಡೆಯದು 1917ರ ಜೂನ್ 7ರಂದು ಸಿಡಿಯಿತು. ಬಳಸದೆ ಬಿಟ್ಟಿದ್ದವುಗಳಲ್ಲಿ ಒಂದು 1955ರಲ್ಲಿ, ಗುಡುಗು ಮಿಂಚಿನ ಮಳೆಯ ನಡುವೆ, ತಾನಾಗಿಯೇ ಸಿಡಿಯಿತು. ಇಂಥ ಜಾಗಗಳಲ್ಲಿ ಹವ್ಯಾಸಿಗಳು ಕಾಗದಪತ್ರಗಳಿಗಷ್ಟೇ ಸೀಮಿತವಾಗುವುದು ಒಳ್ಳೆಯದು.

ಯಾತಕ್ಕಾಗಿ ತೋಡಿದರು?

ಕಾಲನಿರ್ಣಯಕ್ಕಿಂತ ಮೊದಲು ಉದ್ದೇಶವನ್ನು ನಿರ್ಧರಿಸಲು ಪ್ರಯತ್ನಿಸಬೇಕು, ಏಕೆಂದರೆ ಉದ್ದೇಶವು ಸುರಂಗದ ಆಕಾರದಲ್ಲೇ ಬರೆದಿರುತ್ತದೆ. ನೀರಿಗಾಗಿ ತೋಡಿದ ಸುರಂಗಕ್ಕೆ ಒಂದೇ ಕಡೆಗೆ ಬಿಡದೆ ಸಾಗುವ ಹದವಾದ ವಾಟವಿರುತ್ತದೆ. ವಾಟ ಹೆಚ್ಚಾದರೆ ನೀರು ತಳವನ್ನು ಕೊರೆಯುತ್ತದೆ, ಕಡಿಮೆಯಾದರೆ ಹೂಳು ತುಂಬುತ್ತದೆ. ಇರಾನಿನ ಕನಾತ್‌ಗಳು ಇದಕ್ಕೆ ಅತ್ಯುತ್ತಮ ಮಾದರಿ. ಬೆಟ್ಟದ ಬುಡದ ಅಂತರ್ಜಲವನ್ನು ಮುಟ್ಟುವ ತಾಯಿಬಾವಿಯಿಂದ ಬಯಲಿನ ಹೊಲಗಳವರೆಗೆ, ಕೆಲವೆಡೆ ಹತ್ತಾರು ಕಿಲೋಮೀಟರ್ ಉದ್ದಕ್ಕೆ, ನೀರು ತನ್ನ ಭಾರದಿಂದಲೇ ಹರಿದು ಬರುತ್ತದೆ. ನೆಲದ ಮೇಲೆ ಕಾಣುವುದು ಮಾತ್ರ ಸಾಲುಸಾಲಾದ ಬಾವಿಗಳು, ಪ್ರತಿಯೊಂದರ ಸುತ್ತಲೂ ಅಗೆದು ಹಾಕಿದ ಮಣ್ಣಿನ ಬಳೆಯಂಥ ದಿಬ್ಬ. ಉಪಗ್ರಹ ಚಿತ್ರಗಳಲ್ಲಿ ಈ ದಿಬ್ಬಗಳ ಸಾಲು ಸ್ಪಷ್ಟವಾಗಿ ಕಾಣುವುದರಿಂದ, ಬತ್ತಿಹೋದ ಕನಾತ್‌ನ ದಾರಿಯನ್ನು ಒಳಗೆ ಇಳಿಯದೆಯೇ ಗುರುತಿಸಬಹುದು. ಗೋನಾಬಾದಿನದು ಸೇರಿದಂತೆ ಇರಾನಿನ 11 ಕನಾತ್‌ಗಳು 2016ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಕಲ್ಲುಗಣಿಯಾದರೆ ಅದಕ್ಕೆ ಗುರಿಯೇ ಇರುವುದಿಲ್ಲ. ಒಳ್ಳೆಯ ಕಲ್ಲು ಸಿಕ್ಕ ಕಡೆಗೆಲ್ಲ ಅದು ಕವಲೊಡೆಯುತ್ತದೆ, ಚಾವಣಿಯನ್ನು ಹೊರಲು ಅಲ್ಲಲ್ಲಿ ಕಂಬಗಳಂತೆ ಕಲ್ಲನ್ನು ಬಿಟ್ಟಿರುತ್ತಾರೆ, ಗೋಡೆಯಲ್ಲಿ ಕಲ್ಲಿನ ಇಟ್ಟಿಗೆಗಳನ್ನು ಬಿಡಿಸಿ ತೆಗೆದ ಮೆಟ್ಟಿಲುಗಳಂಥ ಗುರುತುಗಳಿರುತ್ತವೆ. ಪ್ಯಾರಿಸ್ಸಿನ ಕೆಳಗಿರುವ ಜಾಲವೂ ಒಡೆಸ್ಸಾ ನಗರದ ಕೆಳಗಿರುವ ಸಾವಿರಾರು ಕಿಲೋಮೀಟರ್ ಉದ್ದದ ಜಾಲವೂ ಮೂಲತಃ ಸುಣ್ಣಕಲ್ಲಿನ ಗಣಿಗಳೇ. ಆಮೇಲೆ ಮೂಳೆಗಳನ್ನು ಇಟ್ಟವರು, ಕಳ್ಳಸಾಗಣೆ ಮಾಡಿದವರು, ಯುದ್ಧದಲ್ಲಿ ಅಡಗಿದವರು ಅವುಗಳನ್ನು ಬಳಸಿಕೊಂಡರು. ಒಂದು ಸುರಂಗದ ಪ್ರಸಿದ್ಧ ಬಳಕೆಯೇ ಅದನ್ನು ತೋಡಿದ್ದಕ್ಕೆ ಕಾರಣವೆಂದು ತಿಳಿಯುವುದು ಈ ಕ್ಷೇತ್ರದಲ್ಲಿ ಮೇಲಿಂದ ಮೇಲೆ ಕಾಣುವ ತಪ್ಪು.

ಅಡಗುವುದಕ್ಕಾಗಿ ಮಾಡಿದ ಸುರಂಗವನ್ನು ಬಾಗಿಲುಗಳಿಂದ ಗುರುತಿಸಬಹುದು. ತುರ್ಕಿಯ ಕಪ್ಪಡೋಕಿಯದಲ್ಲಿ ಮೆದುವಾದ ಜ್ವಾಲಾಮುಖಿ ಕಲ್ಲಿನಲ್ಲಿ ಕೊರೆದಿರುವ ದೆರಿಂಕುಯು, ಸುಮಾರು 85 ಮೀಟರ್ ಆಳದವರೆಗೆ ಇಳಿಯುವ ನೆಲದಡಿಯ ಊರು. 1960ರ ದಶಕದಲ್ಲಷ್ಟೇ ಅದು ಹೊರಜಗತ್ತಿಗೆ ಮತ್ತೆ ಪರಿಚಯವಾಯಿತು. ಅಲ್ಲಿನ ದಾರಿಗಳು ಒಬ್ಬರ ಹಿಂದೆ ಒಬ್ಬರು ಬಗ್ಗಿ ನಡೆಯುವಷ್ಟೇ ಕಿರಿದು. ತಿರುವುಗಳಲ್ಲಿ ಗೋಡೆಯ ಸಂದಿಯೊಳಗೆ ನಿಲ್ಲಿಸಿದ ದುಂಡನೆಯ ಕಲ್ಲುಗಳಿವೆ, ಅವುಗಳನ್ನು ಉರುಳಿಸಿ ದಾರಿ ಮುಚ್ಚುವುದು ಒಳಗಿನವರಿಗೆ ಮಾತ್ರ ಸಾಧ್ಯ. ಬಾಗಿಲು ಯಾವ ಕಡೆಯಿಂದ ಮುಚ್ಚುತ್ತದೆ ಎಂಬ ಒಂದು ಸಂಗತಿಯೇ ಅದು ಸೆರೆಮನೆಯೋ ಆಶ್ರಯವೋ ಎಂಬುದನ್ನು ತೀರ್ಮಾನಿಸುತ್ತದೆ.

ರೋಮಿನ ಕ್ಯಾಟಕೂಂಬ್‌ಗಳಂಥ ಸಮಾಧಿ ಸುರಂಗಗಳಲ್ಲಿ ಗೋಡೆಯುದ್ದಕ್ಕೂ ಶವವಿಡುವ ಗೂಡುಗಳಿರುತ್ತವೆ. ಇಲ್ಲಿ ಪುರಾತತ್ವದ ಸಾಮಾನ್ಯ ನಿಯಮವೇ ತಲೆಕೆಳಗಾಗುತ್ತದೆ: ಜಾಗ ಸಾಲದಾದಾಗ ತೋಡುವವರು ಓಣಿಯ ನೆಲವನ್ನೇ ಇನ್ನಷ್ಟು ಆಳಕ್ಕೆ ಇಳಿಸಿ ಕೆಳಗೆ ಹೊಸ ಗೂಡುಗಳನ್ನು ಕೊರೆಯುತ್ತಿದ್ದುದರಿಂದ, ಅಂಥ ಓಣಿಗಳಲ್ಲಿ ಮೇಲಿನ ಸಾಲು ಹಳೆಯದು, ಕೆಳಗಿನ ಸಾಲು ಹೊಸದು. ಇನ್ನು ಸಾಗಾಟದ ಸುರಂಗಗಳಲ್ಲಿ ಹೆಚ್ಚು ಗೊಂದಲವಿರುವುದಿಲ್ಲ. ರೈಲಿನದು ಹದವಾದ ಏರು, ಕಾಲುವೆಯದು ಪೂರ್ತಿ ಸಮತಟ್ಟು. ಇಂಗ್ಲೆಂಡಿನಲ್ಲಿ 1811ರಲ್ಲಿ ತೆರೆದ ಸ್ಟ್ಯಾಂಡೆಜ್ ಕಾಲುವೆ ಸುರಂಗದಲ್ಲಿ ಕುದುರೆ ನಡೆಯಲು ದಂಡೆಯೇ ಇಲ್ಲ. ದೋಣಿಯ ಮೇಲೆ ಮಲಗಿದ ಆಳುಗಳು ಗೋಡೆಯನ್ನು ಕಾಲಿನಿಂದ ಒದೆಯುತ್ತ ಸುಮಾರು 5 ಕಿಲೋಮೀಟರ್ ದೂರ ದೋಣಿಯನ್ನು ನೂಕಬೇಕಾಗಿತ್ತು. ದಂಡೆಗಾಗಿ ಅಗಲ ಹೆಚ್ಚಿಸದೆ ಉಳಿಸಿದ ಖರ್ಚನ್ನು ಕಾಲುಗಳು ತೆತ್ತವೆಂದು ಹೇಳಬಹುದು.

ಗೋಡೆಯನ್ನು ಓದುವ ಕ್ರಮ

ಗೋಡೆಯ ಮೇಲೆ ನೇರವಾಗಿ ಬೆಳಕು ಬಿಟ್ಟರೆ ಏನೂ ಕಾಣುವುದಿಲ್ಲ. ಬ್ಯಾಟರಿಯನ್ನು ಗೋಡೆಗೆ ಹೆಚ್ಚುಕಡಿಮೆ ತಾಗಿಸಿ, ಬೆಳಕು ಮೈಮೇಲೆ ಓರೆಯಾಗಿ ಸವರಿಕೊಂಡು ಹೋಗುವಂತೆ ಹಿಡಿಯಬೇಕು. ಆಗ ಅರ್ಧ ಮಿಲಿಮೀಟರ್ ಆಳದ ಗೀರಿಗೂ ನೆರಳು ಹುಟ್ಟುತ್ತದೆ. ಮೊದಲು ಎಡದಿಂದ, ಆಮೇಲೆ ಬಲದಿಂದ, ಆಮೇಲೆ ಮೇಲಿನಿಂದ ಹೀಗೆ ಬೆಳಕು ಹಿಡಿದು, ಕ್ಯಾಮೆರಾವನ್ನು ಅಲುಗಿಸದೆ ಮೂರು ಚಿತ್ರಗಳನ್ನು ತೆಗೆದುಕೊಂಡರೆ ಮನೆಯಲ್ಲಿ ಕುಳಿತು ಹೋಲಿಸಿ ನೋಡಬಹುದು. ಚಿತ್ರದಲ್ಲಿ ಅಳತೆಪಟ್ಟಿ ಇರಲೇಬೇಕು, ದಿಕ್ಕಿನ ಬಾಣದ ಗುರುತೂ ಇರಬೇಕು.

ಉಳಿ ಮತ್ತು ಪಿಕಾಸಿಯ ಗುರುತುಗಳು ಸಾಲುಸಾಲಾದ ಓರೆ ಗೀರುಗಳಾಗಿ ಕಾಣುತ್ತವೆ. ಓರೆ ಯಾವ ಕಡೆಗಿದೆ ಎಂಬುದರಿಂದ ತೋಡುವವರು ಯಾವ ಕಡೆಯಿಂದ ಮುಂದುವರಿಯುತ್ತಿದ್ದರೆಂದು ತಿಳಿಯುತ್ತದೆ. ಇದಕ್ಕೆ ಜೆರುಸಲೇಮಿನ ಸಿಲೋಮ್ ಸುರಂಗಕ್ಕಿಂತ ಉತ್ತಮ ಪಾಠ ಬೇರೊಂದಿಲ್ಲ. ಗಿಹೋನ್ ಬುಗ್ಗೆಯ ನೀರನ್ನು ಕೋಟೆಯೊಳಗಿನ ಕೊಳಕ್ಕೆ ತರುವ 533 ಮೀಟರ್ ಉದ್ದದ ಈ ಸುರಂಗವನ್ನು ಎರಡೂ ತುದಿಗಳಿಂದ ತೋಡುತ್ತ ಬಂದರು. ಅದರೊಳಗೆ ನಡೆಯುತ್ತ ಗೋಡೆಯನ್ನು ನೋಡುತ್ತಿದ್ದರೆ, ಒಂದು ಜಾಗದಲ್ಲಿ ಗೀರುಗಳ ಓರೆ ಇದ್ದಕ್ಕಿದ್ದಂತೆ ಹಿಂದುಮುಂದಾಗುತ್ತದೆ. ಆ ಜಾಗದ ಆಸುಪಾಸಿನಲ್ಲಿ ಸುರಂಗ ನಾಲ್ಕಾರು ಸಲ ಅತ್ತಿತ್ತ ತಿರುಗುತ್ತದೆ, ಅರ್ಧಕ್ಕೆ ಕೈಬಿಟ್ಟ ಮೊಂಡು ಕವಲುಗಳೂ ಇವೆ. ಎದುರಿನವರ ಸದ್ದಿಗೆ ಕಿವಿಗೊಟ್ಟು ದಿಕ್ಕು ಬದಲಿಸಿದ್ದು ಕಲ್ಲಿನಲ್ಲೇ ಉಳಿದಿದೆ. 1880ರಲ್ಲಿ ಗೋಡೆಯ ಮೇಲೆ ಸಿಕ್ಕ ಪ್ರಾಚೀನ ಹೀಬ್ರೂ ಶಾಸನ ಇದನ್ನೇ ಹೇಳುತ್ತದೆ: ಇನ್ನೂ ಮೂರು ಮೊಳ ಉಳಿದಿರುವಾಗ ಒಬ್ಬರು ಇನ್ನೊಬ್ಬರನ್ನು ಕೂಗಿ ಕರೆದ ದನಿ ಕೇಳಿಸಿತು, ಪಿಕಾಸಿಗೆ ಪಿಕಾಸಿ ಎದುರಾಯಿತು, ನೀರು ಹರಿಯಿತು. ಆ ಶಾಸನದಲ್ಲಿ ರಾಜನ ಹೆಸರಿಲ್ಲ, ಕಲ್ಲು ಕಡಿದವರ ಕೆಲಸವಷ್ಟೇ ಇದೆ ಎಂಬುದು ನನಗೆ ಇಂದಿಗೂ ಅಚ್ಚರಿಯ ಸಂಗತಿ.

ಉಕ್ಕಿನ ಉಪಕರಣಕ್ಕೆ ಬಗ್ಗದ ಗಟ್ಟಿ ಕಲ್ಲಿನಲ್ಲಿ ಪ್ರಾಚೀನರು ಬೆಂಕಿಯನ್ನು ಬಳಸುತ್ತಿದ್ದರು. ಕಲ್ಲಿಗೆ ಒತ್ತಿ ಸೌದೆ ಉರಿಸಿ, ಕಾದು ಬಿರುಕುಬಿಟ್ಟ ಕಲ್ಲನ್ನು ಕೆಡವಿದಾಗ, ಉಪಕರಣದ ಗುರುತೇ ಇಲ್ಲದ ನುಣ್ಣನೆಯ ಬೋಗುಣಿಯಾಕಾರದ ಗುಳಿಗಳು ಉಳಿಯುತ್ತವೆ. ಅಂಥ ಕಡೆ ಚಾವಣಿ ಗುಮ್ಮಟದಂತೆ ಬಾಗಿರುತ್ತದೆ, ಮಸಿಯೂ ಇದ್ದಿಲೂ ಸಿಗುತ್ತವೆ. ಇದ್ದಿಲಿನ ಕಾರ್ಬನ್ ಕಾಲನಿರ್ಣಯ ಸಾಧ್ಯ, ಆದರೆ ಅದು ಹೇಳುವುದು ಮರದ ವಯಸ್ಸನ್ನು. ಇನ್ನೂರು ವರ್ಷದ ಮರದ ತಿರುಳನ್ನು ಉರಿಸಿದ್ದರೆ ಸುರಂಗ ಇರುವುದಕ್ಕಿಂತ ಅಷ್ಟು ವರ್ಷ ಹೆಚ್ಚು ಹಳೆಯದೆಂದು ತೋರುತ್ತದೆ, ಆದ್ದರಿಂದ ಸಣ್ಣ ಕಡ್ಡಿಗಳ ಇದ್ದಿಲನ್ನು ಆರಿಸಿಕೊಳ್ಳಬೇಕು.

ಗೋಡೆಯಲ್ಲಿ ಉದ್ದಕ್ಕೆ ಸೀಳಿದ ಕೊಳವೆಯಂಥ ಅರ್ಧವೃತ್ತದ ತೋಡುಗಳು ಕಂಡರೆ ಅಲ್ಲಿ ಕುಳಿ ಕೊರೆದು ಮದ್ದು ಸಿಡಿಸಿದ್ದಾರೆಂದು ಅರ್ಥ. ಯುರೋಪಿನ ಗಣಿಗಳಲ್ಲಿ ಕರಿಮದ್ದಿನ ಬಳಕೆಗೆ ಸಿಕ್ಕುವ ಮೊದಮೊದಲ ದಾಖಲೆಗಳಲ್ಲಿ ಪ್ರಸಿದ್ಧವಾದದ್ದು ಇಂದಿನ ಸ್ಲೊವಾಕಿಯದ ಬಾನ್ಸ್ಕಾ ಷ್ಟಿಯಾವ್ನಿತ್ಸಾದ್ದು, 1627ರದ್ದು. ಹೀಗಾಗಿ ಆ ಭಾಗದಲ್ಲಿ ಇಂಥ ಗುರುತುಳ್ಳ ಗೋಡೆ ಮಧ್ಯಯುಗದ್ದೆಂದು ಹೇಳಲಾಗದು. ಕೈಯಿಂದ ಕೊರೆದ ಕುಳಿಗಳು ಗಿಡ್ಡವಾಗಿ, ದಿಕ್ಕು ಒಂದೊಂದಕ್ಕೂ ಬೇರೆಯಾಗಿ, ಸಂಪೂರ್ಣ ದುಂಡಗಿಲ್ಲದೆ ಇರುತ್ತವೆ. ಯಂತ್ರದ ಕುಳಿಗಳು ಉದ್ದ, ನೇರ, ಒಂದೇ ವ್ಯಾಸದವು, ಅಂತರವೂ ಒಂದೇ ಸಮ. ಫ್ರಾನ್ಸ್ ಮತ್ತು ಇಟಲಿಗಳ ನಡುವಿನ ಮಾಂಟ್ ಸೆನಿಸ್ ರೈಲು ಸುರಂಗದಲ್ಲಿ 1857ರಲ್ಲಿ ಕೆಲಸ ಆರಂಭವಾದಾಗ ಕೈಕೊರೆತವೇ ಗತಿಯಾಗಿತ್ತು. 1861ರಿಂದ ಒತ್ತಿದ ಗಾಳಿಯಿಂದ ನಡೆಯುವ ಯಂತ್ರಗಳು ಬಂದ ಮೇಲೆ ವೇಗ ಹೆಚ್ಚಿ 1871ರಲ್ಲಿ ರೈಲು ಓಡಿತು. ನೊಬೆಲ್ ಡೈನಮೈಟಿಗೆ ಪೇಟೆಂಟ್ ಪಡೆದದ್ದು 1867ರಲ್ಲಿ. ಈ ವರ್ಷಗಳನ್ನು ನೆನಪಿನಲ್ಲಿಟ್ಟುಕೊಂಡರೆ, ಗೋಡೆ ಯಾವ ಕಾಲಕ್ಕಿಂತ ಹಿಂದಿನದಾಗಿರಲಾರದು ಎಂದಾದರೂ ಹೇಳಬಹುದು.

ಮೆದು ಮಣ್ಣಿನಲ್ಲಿ ಗೋಡೆಗೆ ಹೊದಿಸಿದ ಇಟ್ಟಿಗೆ ಅಥವಾ ಕಬ್ಬಿಣವೇ ಸಾಕ್ಷಿ. ಎಂಜಿನಿಯರ್ ಮಾರ್ಕ್ ಬ್ರೂನೆಲ್ ಲಂಡನ್ನಿನ ಥೇಮ್ಸ್ ನದಿಯಡಿ 1825ರಿಂದ 1843ರವರೆಗೆ ಮಾಡಿದ ಸುರಂಗದಲ್ಲಿ, 36 ಗೂಡುಗಳ ಕಬ್ಬಿಣದ ಚೌಕಟ್ಟೊಂದನ್ನು ಮಣ್ಣಿಗೆ ಒತ್ತಿ, ಗೂಡಿಗೊಬ್ಬ ಆಳು ನಿಂತು ಹಲಗೆ ಸರಿಸಿ ಅಗೆಯುತ್ತಿದ್ದ. ಹಿಂದೆಯೇ ಇಟ್ಟಿಗೆಯ ಕಮಾನು ಕಟ್ಟುತ್ತ ಬರುತ್ತಿದ್ದರು. ಅದೇ ನದಿಯಡಿ 1870ರಲ್ಲಿ ತೆರೆದ ಟವರ್ ಸಬ್‌ವೇಯಲ್ಲಿ ಎರಕದ ಕಬ್ಬಿಣದ ತುಂಡುಗಳನ್ನು ಬೋಲ್ಟು ಹಾಕಿ ಬಳೆಬಳೆಯಾಗಿ ಜೋಡಿಸಿದರು. ಅಡ್ಡಕೊಯ್ತ ಕುದುರೆಲಾಳದ ಆಕಾರದಿಂದ ಪೂರ್ಣ ವೃತ್ತಕ್ಕೆ ಬದಲಾದದ್ದರ ಹಿಂದೆ ಈ ತಂತ್ರದ ಬದಲಾವಣೆಯಿದೆ. ಹೊದಿಕೆಯಿಲ್ಲದ ಕಲ್ಲಿನಲ್ಲಿಯೇ ಪೂರ್ಣ ವೃತ್ತವೂ ಅದರ ಸುತ್ತ ಒಂದೇ ಸಮನಾದ ಉಂಗುರದ ಗೀರುಗಳೂ ಕಂಡರೆ ಅದು ಕೊರೆಯುವ ಯಂತ್ರದ ಕೆಲಸ. ಇಂಗ್ಲೆಂಡ್ ಮತ್ತು ಫ್ರಾನ್ಸ್‌ಗಳ ನಡುವಣ ಕಡಲಾದ ಇಂಗ್ಲಿಷ್ ಕಾಲುವೆಯ ಎರಡೂ ದಡಗಳಲ್ಲಿ 1880ರ ದಶಕದ ಆರಂಭದಲ್ಲಿ ಕೊರೆದು ಕೈಬಿಟ್ಟ, ಸುಮಾರು 2.1 ಮೀಟರ್ ವ್ಯಾಸದ ಸುರಂಗಗಳು ಹೀಗಿವೆ.

ಒಂದು ಎಚ್ಚರಿಕೆ: ಇಂದು ಕಾಣುವ ಅಳತೆ ಅಂದಿನದೇ ಆಗಿರಬೇಕಾಗಿಲ್ಲ. ವಿಯೆಟ್ನಾಮಿನ ಕೂ ಚಿ ಸುರಂಗಗಳ ಕೆಲವು ಭಾಗಗಳನ್ನು ಪ್ರವಾಸಿಗರಿಗಾಗಿ ಅಗಲ ಮಾಡಲಾಗಿದೆ. ಅಲ್ಲಿ ಟೇಪು ಹಿಡಿದು ಅಳೆದು ಯುದ್ಧಕಾಲದ ಸುರಂಗ ಇಷ್ಟಿತ್ತೆಂದು ಬರೆದರೆ ಅದು ಸುಳ್ಳಾಗುತ್ತದೆ.

ನಕ್ಷೆಯೂ ಸಂಧಿಸುವ ಜಾಗವೂ

ನೆಲದಡಿ ಉಪಗ್ರಹದ ಸಂಕೇತ ಸಿಗುವುದಿಲ್ಲ, ಹಳಿ ಅಥವಾ ಕಬ್ಬಿಣದ ಆಸರೆಗಳಿದ್ದರೆ ದಿಕ್ಸೂಚಿಯೂ ಸುಳ್ಳು ಹೇಳುತ್ತದೆ. ಆದ್ದರಿಂದ ಬಾಯಿಯಿಂದ ಆರಂಭಿಸಿ, ಕಣ್ಣಿಗೆ ಕಾಣುವಷ್ಟು ದೂರಕ್ಕೆ ಒಂದೊಂದು ನಿಲುಗಡೆಯನ್ನು ಗೊತ್ತುಮಾಡಿಕೊಂಡು, ಪ್ರತಿ ಎರಡು ನಿಲುಗಡೆಗಳ ನಡುವಣ ದೂರ, ದಿಕ್ಕು, ಏರಿಳಿತ ಇವನ್ನು ಬರೆದುಕೊಳ್ಳಬೇಕು. ಪ್ರತಿ ನಿಲುಗಡೆಯಲ್ಲೂ ಎಡಗೋಡೆ, ಬಲಗೋಡೆ, ಚಾವಣಿ, ನೆಲ ಇವು ಎಷ್ಟು ದೂರವೆಂದು ಅಳೆಯಬೇಕು. ಹೋಗುವಾಗ ಅಳೆದದ್ದನ್ನು ಬರುವಾಗ ಇನ್ನೊಮ್ಮೆ ಅಳೆದು, ಎರಡೂ ಲೆಕ್ಕಗಳು ಎಷ್ಟು ಬೇರೆಯಾದವೆಂದು ನೋಡಿದರೆ ತಪ್ಪಿನ ಪ್ರಮಾಣ ತಿಳಿಯುತ್ತದೆ. ಲೇಸರ್ ಉಪಕರಣ ಇದ್ದರೆ ಒಳ್ಳೆಯದು. ಟೇಪು ಮತ್ತು ನೀರು ತುಂಬಿದ ಪಾರದರ್ಶಕ ಪೈಪು ಇದ್ದರೂ ಕೆಲಸ ನಡೆಯುತ್ತದೆ.

ಈ ನಕ್ಷೆಯಲ್ಲಿ ನೇರ ಭಾಗಗಳಿಗಿಂತ ಸೊಟ್ಟ ಭಾಗಗಳಲ್ಲೇ ಇತಿಹಾಸ ಹೆಚ್ಚಿರುತ್ತದೆ. ಗ್ರೀಸಿನ ಸಾಮೋಸ್ ದ್ವೀಪದಲ್ಲಿ ಕ್ರಿ.ಪೂ. 6ನೆಯ ಶತಮಾನದಲ್ಲಿ ಯುಪಲಿನೋಸ್ ಎಂಬ ಎಂಜಿನಿಯರ್ ಬೆಟ್ಟದ ಎರಡೂ ಕಡೆಗಳಿಂದ ತೋಡಿಸಿದ 1036 ಮೀಟರ್ ಉದ್ದದ ಸುರಂಗದ ದಕ್ಷಿಣ ಭಾಗ ಬಾಣದಂತೆ ನೇರವಾಗಿದೆ, ಉತ್ತರ ಭಾಗ ನಡುವೆ ಪಕ್ಕಕ್ಕೆ ಸರಿದು ಮತ್ತೆ ಮರಳುತ್ತದೆ. ಅದು ಲೆಕ್ಕದ ತಪ್ಪಲ್ಲ. ಕುಸಿಯುವ ಸಡಿಲ ಕಲ್ಲನ್ನು ತಪ್ಪಿಸಿ ಸುತ್ತಿಹೋದದ್ದು. ಕೊನೆಗೆ ಎರಡು ತಂಡಗಳೂ ಬೇಕೆಂದೇ ದಿಕ್ಕು ತಿರುಗಿಸಿ, ಒಂದರ ದಾರಿಯನ್ನು ಇನ್ನೊಂದು ಕತ್ತರಿಸಲೇಬೇಕಾದಂತೆ ಮಾಡಿಕೊಂಡವು. ನೀರು ಹರಿಯಬೇಕಾದ ಕಾಲುವೆಯನ್ನು ಮಾತ್ರ ನಡೆದಾಡುವ ಸುರಂಗದ ನೆಲದ ಒಂದು ಬದಿಯಲ್ಲಿ ಪ್ರತ್ಯೇಕವಾಗಿ ಇಳಿಸಿದ್ದಾರೆ, ದಕ್ಷಿಣದ ತುದಿಗೆ ಬರುವಷ್ಟರಲ್ಲಿ ಅದರ ಆಳ 8 ಮೀಟರ್ ದಾಟುತ್ತದೆ. ಮೊದಲು ಸಮತಟ್ಟಾದ ಸುರಂಗವನ್ನು ಕೂಡಿಸಿ, ಬೇಕಾದ ವಾಟವನ್ನು ಆಮೇಲೆ ಕಾಲುವೆಗೆ ಕೊಡುವ ಈ ಉಪಾಯದಲ್ಲಿ, ಮಟ್ಟದ ಸಣ್ಣಪುಟ್ಟ ವ್ಯತ್ಯಾಸ ಇಡೀ ಕೆಲಸವನ್ನು ಕೆಡಿಸುವುದಿಲ್ಲ. ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಈ ಸುರಂಗವನ್ನು ವರ್ಣಿಸಿದ್ದರಿಂದಲೇ 19ನೆಯ ಶತಮಾನದಲ್ಲಿ ಅದನ್ನು ಹುಡುಕಿದರು.

ಎಲ್ಲರಿಗೂ ಇಷ್ಟು ಅದೃಷ್ಟವಿರಲಿಲ್ಲ. ಇಂದಿನ ಅಲ್ಜೀರಿಯದ ಬೆಜಾಯ ಎಂಬಲ್ಲಿ, ಆಗ ಸಾಲ್ಡೇ ಎಂದು ಕರೆಯುತ್ತಿದ್ದ ಊರಿಗೆ ನೀರು ತರಲು 2ನೆಯ ಶತಮಾನದಲ್ಲಿ ತೋಡುತ್ತಿದ್ದ ಸುರಂಗದಲ್ಲಿ ಎರಡು ತಂಡಗಳು ಒಂದನ್ನೊಂದು ದಾಟಿಹೋದವು. ರೋಮನ್ ಸೈನ್ಯದಲ್ಲಿ ನೆಲದ ಮಟ್ಟ ಅಳೆಯುವ ಮಟ್ಟಗಾರನಾಗಿದ್ದ ನೋನಿಯಸ್ ದಾತುಸ್‌ನನ್ನು ಮತ್ತೆ ಕರೆಸಿದರು. ಎರಡೂ ಕಡೆಯ ಅಗೆತದ ಉದ್ದವನ್ನು ಕೂಡಿಸಿದರೆ ಬೆಟ್ಟದ ಅಗಲಕ್ಕಿಂತ ಹೆಚ್ಚಾಗಿತ್ತೆಂದೂ, ಇಬ್ಬರೂ ಬಲಕ್ಕೆ ಸರಿದಿದ್ದರೆಂದೂ ಆತ ತನ್ನ ಶಾಸನದಲ್ಲಿ ಬರೆಸಿದ್ದಾನೆ, ದಾರಿಯಲ್ಲಿ ಕಳ್ಳರು ತನ್ನನ್ನು ದೋಚಿದ್ದನ್ನೂ ಬಿಟ್ಟಿಲ್ಲ. ಸರಕಾರಿ ಕಾಮಗಾರಿಯ ದಾಖಲೆಗಳಲ್ಲಿ ಇಷ್ಟು ಬಿಚ್ಚುಮನಸ್ಸು ಅಪರೂಪ.

ತೆಗೆದ ಮಣ್ಣಿನ ಲೆಕ್ಕ

ರಹಸ್ಯ ಸುರಂಗಗಳ ಕಥೆಯನ್ನು ಪರೀಕ್ಷಿಸಲು ಅಂಕಗಣಿತವೇ ಸಾಕು. ಒಂದು ಮೀಟರ್ ಅಗಲ, ಎರಡು ಮೀಟರ್ ಎತ್ತರದ ಸುರಂಗವನ್ನು ಒಂದು ಕಿಲೋಮೀಟರ್ ತೋಡಿದರೆ 2000 ಘನಮೀಟರ್ ಕಲ್ಲು ಹೊರಬರುತ್ತದೆ. ಒಡೆದ ಕಲ್ಲು ಸಡಿಲವಾಗಿ ಸುಮಾರು ಒಂದೂವರೆ ಪಟ್ಟು ಉಬ್ಬುವುದರಿಂದ 3000 ಘನಮೀಟರ್ ರಾಶಿಯಾಗುತ್ತದೆ. ಅದು ಎಲ್ಲಿಗೆ ಹೋಯಿತು? ದಿಬ್ಬವಾಗಿ ಉಳಿದಿದೆಯೇ, ಹಳ್ಳ ತುಂಬಿಸಿದ್ದಾರೆಯೇ, ಕೋಟೆಯ ಗೋಡೆಗೆ ಬಳಸಿದ್ದಾರೆಯೇ? ಉತ್ತರ ಸಿಗದಿದ್ದರೆ ಸಂಶಯ ಹೆಚ್ಚಬೇಕು.

ಎರಡನೆಯ ಪ್ರಶ್ನೆ ಗಾಳಿಬಾವಿಗಳದು. ಕಿರಿದಾದ ಸುರಂಗದ ಮುಂತುದಿಯಲ್ಲಿ ಒಮ್ಮೆಗೆ ಒಬ್ಬರೋ ಇಬ್ಬರೋ ಮಾತ್ರ ಕೆಲಸ ಮಾಡಬಲ್ಲರು; ಎಷ್ಟೇ ಆಳುಗಳಿದ್ದರೂ ವೇಗ ಹೆಚ್ಚುವುದಿಲ್ಲ. ಮೇಲಿನಿಂದ ಇಳಿಸಿದ ಪ್ರತಿಯೊಂದು ಬಾವಿಯೂ ಎರಡು ಹೊಸ ಮುಂತುದಿಗಳನ್ನು ಕೊಡುತ್ತದೆ, ಜೊತೆಗೆ ಗಾಳಿಯನ್ನೂ ಮಣ್ಣು ಎತ್ತುವ ದಾರಿಯನ್ನೂ ಕೊಡುತ್ತದೆ. ಇಟಲಿಯ ಫುಚಿನೋ ಸರೋವರವನ್ನು ಬಸಿಯಲು ಚಕ್ರವರ್ತಿ ಕ್ಲಾಡಿಯಸ್ ತೋಡಿಸಿದ ಸುಮಾರು 5.6 ಕಿಲೋಮೀಟರ್ ಸುರಂಗಕ್ಕೆ 30,000 ಆಳುಗಳು 11 ವರ್ಷ ದುಡಿದರೆಂದು ರೋಮನ್ ಇತಿಹಾಸಕಾರ ಸುಯೆಟೋನಿಯಸ್ ಬರೆದಿದ್ದಾನೆ. ಹತ್ತಾರು ಬಾವಿಗಳನ್ನು ಇಳಿಸಿಕೊಂಡೂ ಅಷ್ಟು ಕಾಲ ಹಿಡಿಯಿತು. ಹೀಗಿರುವಾಗ ಒಂದೂ ಗಾಳಿಬಾವಿಯಿಲ್ಲದೆ, ಮಣ್ಣಿನ ರಾಶಿಯಿಲ್ಲದೆ, ಯಾರಿಗೂ ತಿಳಿಯದಂತೆ ಹತ್ತು ಕಿಲೋಮೀಟರ್ ಸುರಂಗ ತೋಡಿದರೆಂಬ ಮಾತನ್ನು ಬಲವಾದ ಪುರಾವೆಯಿಲ್ಲದೆ ಒಪ್ಪಲಾಗದು. ಕೋಟೆ, ಮಠ, ಅರಮನೆಗಳಲ್ಲಿ ತೋರಿಸುವ ಸುರಂಗದ ಬಾಯಿಗಳು ಎಷ್ಟೋ ಸಲ ಮಳೆನೀರಿನ ಚರಂಡಿಗಳೋ, ಧಾನ್ಯದ ನೆಲಮಾಳಿಗೆಗಳೋ, ಕೋಟೆಯ ಹೊರಗೆ ಹತ್ತಿಪ್ಪತ್ತು ಮೀಟರಿಗೆ ತೆರೆದುಕೊಳ್ಳುವ ಕಳ್ಳದಿಡ್ಡಿಗಳೋ ಆಗಿರುತ್ತವೆ.

ಬಾವಿಯ ಸುತ್ತಣ ದಿಬ್ಬ ಕಾಲನಿರ್ಣಯಕ್ಕೂ ನೆರವಾಗುತ್ತದೆ. ದಿಬ್ಬದ ತಳದಲ್ಲಿ ಹೂತುಹೋದ ಮರಳಿನ ಕಣಗಳು ಕೊನೆಯ ಬಾರಿ ಬಿಸಿಲು ಕಂಡದ್ದು ಯಾವಾಗ ಎಂಬುದನ್ನು ಪ್ರಯೋಗಾಲಯದಲ್ಲಿ ಅಳೆಯಬಹುದು. ಒಳಗಾದರೆ ಗಾರೆಯಲ್ಲಿ ಸಿಕ್ಕಿಕೊಂಡ ಎಲೆ, ಕಡ್ಡಿಗಳಿಗೆ ಕಾರ್ಬನ್ ಪರೀಕ್ಷೆ, ತೋಡಿದ ಮೇಲೆ ಚಾವಣಿಯಿಂದ ಇಳಿಬಿದ್ದ ಸುಣ್ಣದ ತೊಂಗಲಿಗೆ ಯುರೇನಿಯಂ–ಥೋರಿಯಂ ಪರೀಕ್ಷೆ. ಸಿಲೋಮ್ ಸುರಂಗದಲ್ಲಿ ಈ ಎರಡನ್ನೂ ಮಾಡಿ, ಅದು ಕ್ರಿ.ಪೂ. 700ರ ಆಸುಪಾಸಿನದೆಂದು 2003ರಲ್ಲಿ ಪ್ರಕಟಿಸಿದರು. ಇಂಥ ಮಾದರಿಗಳನ್ನು ಹವ್ಯಾಸಿಗಳು ತಾವೇ ಕೆತ್ತಿ ತೆಗೆಯಬಾರದು. ಅವು ಇರುವ ಜಾಗವನ್ನು ಗುರುತಿಸಿ ತಜ್ಞರಿಗೆ ತಿಳಿಸಿದರೆ ಅದೇ ದೊಡ್ಡ ಸಹಾಯ.

ಬರಹಗಳು, ಕಡತಗಳು, ಸತ್ತವರು

ಒಳಗೆ ಬರಹ ಸಿಕ್ಕರೆ ಅದನ್ನು ಬರೆದವರು ಯಾರೆಂದು ಕೇಳಿಕೊಳ್ಳಬೇಕು. 1774ರಲ್ಲಿ ಪ್ಯಾರಿಸ್ಸಿನ ಬೀದಿಯೊಂದು ಹಳೆಯ ಗಣಿಯೊಳಗೆ ಕುಸಿದ ಮೇಲೆ, 1777ರಲ್ಲಿ ಗಣಿಗಳ ತಪಾಸಣೆಗೆಂದೇ ಒಂದು ಕಚೇರಿ ಹುಟ್ಟಿ, ಗಿಯೊಮೊ ಎಂಬ ವಾಸ್ತುಶಿಲ್ಪಿ ಅದರ ಮುಖ್ಯಸ್ಥನಾದ. ಅವನ ಆಳುಗಳು ಕಟ್ಟಿದ ಪ್ರತಿಯೊಂದು ಆಸರೆಗೋಡೆಯ ಮೇಲೂ ಒಂದು ಅಂಕಿ, ಅವನ ಹೆಸರಿನ ಮೊದಲಕ್ಷರ, ಇಸವಿ ಇವನ್ನು ಕೆತ್ತಿದ್ದಾರೆ. ಆ ಇಸವಿ ಗೋಡೆಯದೇ ಹೊರತು ಗಣಿಯದಲ್ಲ. ಗಣಿ ಅದಕ್ಕಿಂತ ಎಷ್ಟೋ ಶತಮಾನ ಹಳೆಯದು. ಮೇಲಿನ ಬೀದಿಗಳ ಹೆಸರನ್ನು ಕೆಳಗೂ ಕೆತ್ತಿದ್ದಾರೆ, ಕೆಲವೆಡೆ ಅದರ ಪಕ್ಕದ ಅರಸುಮನೆತನದ ಲಿಲಿ ಹೂವಿನ ಲಾಂಛನವನ್ನು ಕ್ರಾಂತಿಯ ಕಾಲದಲ್ಲಿ ಕೆರೆದು ಹಾಕಲಾಗಿದೆ. ಅಳಿಸಿದ ಗುರುತನ್ನೂ ಚಿತ್ರ ತೆಗೆದುಕೊಳ್ಳಬೇಕೆಂದು ಬೇರೆ ಹೇಳಬೇಕಾಗಿಲ್ಲ.

19ನೆಯ ಶತಮಾನದಿಂದ ಈಚಿನ ಸುರಂಗಗಳಿಗೆ ಗುತ್ತಿಗೆ ಪತ್ರಗಳು, ಎಂಜಿನಿಯರರ ದಿನಚರಿಗಳು, ವಾರದ ಪ್ರಗತಿ ವರದಿಗಳು ಸಿಗುತ್ತವೆ. ಅವುಗಳಲ್ಲಿ ಕಲ್ಲಿನ ಗುಣ, ನೀರಿನ ಕಾಟ, ಖರ್ಚು ಎಲ್ಲ ಇರುತ್ತದೆ, ಆದರೆ ತೋಡಿದವರ ಹೆಸರು ಇರುವುದು ಕಡಿಮೆ. ಅದಕ್ಕಾಗಿ ಬೇರೆ ಕಡತಗಳಿಗೆ ಹೋಗಬೇಕು: ಆಸ್ಪತ್ರೆಯ ದಾಖಲೆ, ಸ್ಮಶಾನದ ರಿಜಿಸ್ಟರು, ಅಸಹಜ ಸಾವಿನ ವಿಚಾರಣೆ, ಜನಗಣತಿ, ವಿಮಾ ಪರಿಹಾರದ ಅರ್ಜಿ. ಇಂಗ್ಲೆಂಡಿನ ವುಡ್‌ಹೆಡ್ ರೈಲು ಸುರಂಗದಲ್ಲಿ 1839ರಿಂದ 1845ರವರೆಗೆ 32 ಕಾರ್ಮಿಕರು ಸತ್ತರು. ಸಾರ್ವಜನಿಕ ಆರೋಗ್ಯದ ಸುಧಾರಕ ಎಡ್ವಿನ್ ಚಾಡ್ವಿಕ್ ಅದನ್ನು ಯುದ್ಧದ ಸಾವುಗಳೊಡನೆ ಹೋಲಿಸಿ ಬರೆದದ್ದರಿಂದ ಎದ್ದ ಗದ್ದಲಕ್ಕೆ 1846ರಲ್ಲಿ ಸಂಸತ್ತಿನ ಸಮಿತಿಯೊಂದು ರೈಲು ಕಾರ್ಮಿಕರ ಸ್ಥಿತಿಯನ್ನು ವಿಚಾರಿಸಿತು. ಆ ವಿಚಾರಣೆಯ ಹೇಳಿಕೆಗಳಲ್ಲಿ ಸಿಗುವ ವಿವರ ಯಾವ ಎಂಜಿನಿಯರನ ವರದಿಯಲ್ಲೂ ಸಿಗದು.

ಸ್ವಿಟ್ಜರ್ಲೆಂಡಿನ ಗೊಟಾರ್ಡ್ ರೈಲು ಸುರಂಗದ ಎರಡು ಭಾಗಗಳು 1880ರ ಫೆಬ್ರುವರಿ ಕೊನೆಯಲ್ಲಿ ಕೂಡಿದಾಗ 15 ಕಿಲೋಮೀಟರಿಗೆ ಬಂದ ವ್ಯತ್ಯಾಸ ಪಕ್ಕಕ್ಕೆ 33 ಸೆಂಟಿಮೀಟರ್, ಎತ್ತರದಲ್ಲಿ 5 ಸೆಂಟಿಮೀಟರ್ ಎಂಬುದನ್ನು ಎಲ್ಲರೂ ಬರೆಯುತ್ತಾರೆ. ಗುತ್ತಿಗೆದಾರ ಲೂಯಿ ಫಾವ್ರ್ ಅದನ್ನು ನೋಡಲು ಬದುಕಿರಲಿಲ್ಲ, ಹಿಂದಿನ ವರ್ಷವೇ ಸುರಂಗದೊಳಗೆ ತೀರಿಕೊಂಡಿದ್ದ. ಕಾರ್ಮಿಕರಲ್ಲಿ ಹಬ್ಬಿದ ರಕ್ತಹೀನತೆಗೆ ಕೊಕ್ಕೆಹುಳು ಕಾರಣವೆಂದು ತಿಳಿದದ್ದು ವೈದ್ಯರ ಬರಹಗಳಿಂದ. ಅಪಘಾತದಲ್ಲಿ ಸತ್ತವರ ಪಟ್ಟಿಯಲ್ಲಿ ಕಾಯಿಲೆಯಿಂದ ಊರಿಗೆ ಮರಳಿ ಸತ್ತವರು ಸೇರಿರುವುದಿಲ್ಲ ಎಂಬುದನ್ನು ಯಾವ ಸುರಂಗದ ಲೆಕ್ಕ ನೋಡುವಾಗಲೂ ನೆನಪಿಡಬೇಕು. ಅಮೆರಿಕದ ಪಶ್ಚಿಮ ವರ್ಜೀನಿಯದ ಹಾಕ್ಸ್ ನೆಸ್ಟ್ ಸುರಂಗದಲ್ಲಿ 1930–31ರಲ್ಲಿ ಸಿಲಿಕಾ ಧೂಳು ಕುಡಿದ ಕಾರ್ಮಿಕರು, ಅವರಲ್ಲಿ ಬಹುಪಾಲು ಹೊರಗಿನಿಂದ ಬಂದ ಕಪ್ಪು ಜನರು, ನೂರಾರು ಸಂಖ್ಯೆಯಲ್ಲಿ ಸತ್ತರು. 1936ರಲ್ಲಿ ಅಮೆರಿಕದ ಕಾಂಗ್ರೆಸ್ಸಿನ ಸಮಿತಿ ವಿಚಾರಣೆ ನಡೆಸಿತು, ಆದರೆ ಸತ್ತವರ ಸಂಖ್ಯೆಯ ಬಗ್ಗೆ ಅಂದಾಜುಗಳು ಇಂದಿಗೂ ಒಂದಕ್ಕೊಂದು ಹೊಂದುವುದಿಲ್ಲ. ಇಂಥ ಕಡೆ ಒಂದೇ ಸಂಖ್ಯೆಯನ್ನು ಆರಿಸಿ ಬರೆಯದೆ, ಯಾವ ಅಂದಾಜು ಯಾವ ದಾಖಲೆಯಿಂದ ಬಂತೆಂದು ಹೇಳುವುದೇ ಸರಿಯಾದ ಕ್ರಮ.

ಕಥೆಗಳ ಸರದಿ

ನೇಪಲ್ಸ್ ಬಳಿಯ ಸುಮಾರು 700 ಮೀಟರ್ ಉದ್ದದ ರೋಮನ್ ರಸ್ತೆ ಸುರಂಗವನ್ನು ಕವಿ ವರ್ಜಿಲ್ ಮಂತ್ರಶಕ್ತಿಯಿಂದ ಒಂದೇ ರಾತ್ರಿಯಲ್ಲಿ ಮಾಡಿದನೆಂದು ಮಧ್ಯಯುಗದ ಜನ ನಂಬಿದ್ದರು. ಅದು ಕೊಕ್ಸಿಯಸ್ ಎಂಬವನ ಕೆಲಸವೆಂದು ಪ್ರಾಚೀನ ಗ್ರೀಕ್ ಭೂಗೋಳಕಾರ ಸ್ಟ್ರಾಬೋ ಬಹಳ ಹಿಂದೆಯೇ ಬರೆದಿದ್ದ. ಇಂಗ್ಲೆಂಡಿನ ರಿಚ್ಮಂಡ್ ಕೋಟೆಯ ಸುರಂಗದೊಳಗೆ ನಗಾರಿ ಬಾರಿಸುತ್ತ ಹೋದ ಹುಡುಗ ಮರಳಲಿಲ್ಲ, ಮೇಲಿದ್ದವರಿಗೆ ಸದ್ದು ಒಂದು ಜಾಗದಲ್ಲಿ ನಿಂತುಹೋಯಿತು ಎಂಬ ಕಥೆಯನ್ನು ಅಲ್ಪಸ್ವಲ್ಪ ಬದಲಿಸಿ, ಹುಡುಗನ ಬದಲು ಪಿಟೀಲುಗಾರನನ್ನೋ ಊದುಗೊಳವೆಯವನನ್ನೋ ಇಟ್ಟು, ಬ್ರಿಟನ್ನಿನ ಎಷ್ಟೋ ಊರುಗಳಲ್ಲಿ ಹೇಳುತ್ತಾರೆ. ಒಂದೇ ಕಥೆ ಹಲವು ಕಡೆ ಸಿಕ್ಕರೆ ಅದು ಆ ಸುರಂಗದ ಇತಿಹಾಸವಲ್ಲ, ಊರಿಂದೂರಿಗೆ ಪಯಣಿಸುವ ಕಥೆ. ಆದರೆ ಕಥೆಯೊಳಗಿನ ಜಾಗದ ವಿವರವನ್ನು ಎಸೆಯಬಾರದು. ಸದ್ದು ನಿಂತಿತೆಂದು ಜನ ತೋರಿಸುವ ಜಾಗದಲ್ಲಿ ಒಂದು ಹಳೆಯ ಕುಸಿತವೋ ಮುಚ್ಚಿದ ಬಾವಿಯೋ ಇರುವ ಸಾಧ್ಯತೆ ಉಂಟು, ಹೋಗಿ ನೋಡಲು ಖರ್ಚೇನೂ ಇಲ್ಲ.

ವರದಿ ಬರೆಯುವಾಗ ಕಂಡದ್ದು, ಅದರಿಂದ ಊಹಿಸಿದ್ದು, ಇತರರು ಹೇಳಿದ್ದು ಇವು ಮೂರನ್ನೂ ಬೇರೆಬೇರೆ ಭಾಗಗಳಲ್ಲಿಡಬೇಕು. ‘ಗೋಡೆಯಲ್ಲಿ ಕೈಕೊರೆತದ ಕುಳಿಗಳ ಗುರುತಿದೆ’ ಎಂಬುದು ಕಂಡದ್ದು. ‘ಆದ್ದರಿಂದ ಈ ಭಾಗ ಮದ್ದು ಬಂದ ಮೇಲಿನದು’ ಎಂಬುದು ಊಹೆ. ‘ಕೋಟೆಯ ಅರಸ ಮಾಡಿಸಿದ’ ಎಂಬುದು ಹೇಳಿಕೆ. ಒಂದೇ ಸುರಂಗದ ಬೇರೆಬೇರೆ ಭಾಗಗಳಿಗೆ ಬೇರೆಬೇರೆ ಕಾಲ ಇರಬಹುದಾದ್ದರಿಂದ ಇಡೀ ಸುರಂಗಕ್ಕೆ ಒಂದೇ ಇಸವಿ ಕೊಡದೆ, ನಕ್ಷೆಯ ನಿಲುಗಡೆಗಳ ಸಂಖ್ಯೆ ಹಿಡಿದು ಭಾಗಭಾಗಕ್ಕೂ ಕೊಡುವುದು ವಾಸಿ. ಕುಸಿತದ ಭಯವಿರುವ, ಕಾವಲಿಲ್ಲದ ಸುರಂಗವಾಗಿದ್ದರೆ ಬಾಯಿಯ ನಿಖರವಾದ ಸ್ಥಾನವನ್ನು ಸಾರ್ವಜನಿಕ ಪ್ರತಿಯಿಂದ ತೆಗೆದು, ಪೂರ್ತಿ ನಕ್ಷೆಯನ್ನೂ ಮೂಲ ಅಳತೆಯ ಪುಸ್ತಕವನ್ನೂ ಚಿತ್ರಗಳನ್ನೂ ಪುರಾತತ್ವ ಇಲಾಖೆಯ ಅಥವಾ ದಾಖಲೆ ಸಂಗ್ರಹಾಲಯದ ವಶಕ್ಕೆ ಕೊಟ್ಟು ರಶೀದಿ ಪಡೆಯಬೇಕು.